ಆರಿಯಾ

ಫೆಬ್ರುವರಿ 18, ಮಂಗಳವಾರ

ಗಂಗಾಧರ್ ಅವರನ್ನು ಇವತ್ತು ಆಸ್ಪತ್ರೆಯಿಂದ ತುಮಕೂರಿನ ಮನೆಗೆ ಕರೆತಂದೆ. ಬಲಗೈ, ಬಲಗಾಲು ಏಳುವುದಿಲ್ಲ. ಮಾತು ಹೋಗಿದೆ. ಮಿದುಳಿನ ಎಡಭಾಗದಲ್ಲಿ ರಕ್ತ ಕಟ್ಟಿಕೊಂಡು ಹೀಗಾಯಿತೆಂದು ಡಾಕ್ಟರು ಹೇಳಿದರು. ನಾವು ಆಡಿದ್ದು ತಕ್ಕಮಟ್ಟಿಗೆ ತಿಳಿಯುತ್ತದಂತೆ. ತಿರುಗಿ ಹೇಳಲು ಶಬ್ದ ಸಿಗುವುದಿಲ್ಲವಂತೆ. ತಕ್ಕಮಟ್ಟಿಗೆ ಅಂದರೆ ಎಷ್ಟು ಎಂದು ಕೇಳಿದೆ. ಹೇಳುವುದು ಕಷ್ಟ ಎಂದರು. ನಾನು ಯಾಕೆ ಕೇಳಿದೆ ಎನ್ನುವುದು ಅವರಿಗೆ ಗೊತ್ತಿಲ್ಲ.

ಬೇರೆ ಯಾರ ಹತ್ತಿರವೂ ಹೇಳಲಾರೆ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಈ ತಿಂಗಳು ನಾನು ಈ ಮನೆ ಬಿಟ್ಟು ಹೋಗುವವಳಿದ್ದೆ. ಗುಬ್ಬಿಯಲ್ಲಿ, ನಾನು ಪಾಠ ಮಾಡುವ ಹೈಸ್ಕೂಲಿನ ಹತ್ತಿರ, ಶಕುಂತಲಮ್ಮ ಎಂಬುವರ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದೇನೆ. ಗಂಗಾಧರ್ ಹೊಡೆದವರಲ್ಲ, ಕುಡಿದವರಲ್ಲ. ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ಚುಚ್ಚಿದವರಲ್ಲ. ಆದರೆ ಮಾತೇ ಇಲ್ಲ. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬರುವುದು, ಉಣ್ಣುವುದು, ಟಿವಿ ನೋಡುವುದು, ಮಲಗುವುದು. ನನಗೆ ನಲವತ್ತೇಳು ವರ್ಷ. ಗೋಡೆಯ ಜೊತೆ ಬಾಳಿದ್ದು ಸಾಕು ಅನ್ನಿಸಿತ್ತು. "ಗುಬ್ಬೀಲಿ ಮನೆ ಮಾಡಿದೀನಿ. ನಾನೊಬ್ಳೇ ಹೋಗ್ತೀನಿ, ವಾಪಸ್ ಬರಲ್ಲ" ಎಂದು ಹೇಳಿದೆ. ಟಿವಿಯ ಸದ್ದು ಕಡಿಮೆ ಮಾಡಿ "ಸರಿ" ಅಂದರು. ಅದೇ ವಾರ ಬಚ್ಚಲುಮನೆಯಲ್ಲಿ ಬಿದ್ದರು.

ಈ ವಿಷಯ ತಿಳಿದವರು ನಾವಿಬ್ಬರೇ. ಈಗ ಒಬ್ಬರಿಗೆ ಬಾಯಿಲ್ಲ.

ಬಾಡಿಗೆಗೆ ತಂದ ಆಸ್ಪತ್ರೆ ಮಂಚವನ್ನು ನಡುಮನೆಯಲ್ಲಿ ಹಾಕಿಸಿದ್ದೇನೆ. ಕಾಲ ಬಳಿಯ ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಹಾಗೆ ಏರಿಸಿ ಗಂಜಿ ಕುಡಿಸಿದೆ. ಬಾಯಿ ಒರೆಸುವಾಗ ಮೊದಲ ಸಲ ಒಂದು ಶಬ್ದ ಹೊರಬಂತು. "ಆರಿಯಾ." ಸ್ಪಷ್ಟವಾಗಿ ಹೇಳಿದರು. ನನ್ನ ಹೆಸರು ಅರುಣಾ. ಅದನ್ನೇ ಹೇಳಲು ಹೋಗಿ ತಪ್ಪಿತೇನೋ ಎಂದುಕೊಂಡೆ. "ಅರುಣಾನಾ?" ಎಂದೆ. ಎಡಗೈ ಆಡಿಸಿ ಅಲ್ಲ ಅಂದರು.

ಫೆಬ್ರುವರಿ 20, ಗುರುವಾರ

ಅತ್ತೆ ಅಮೃತೂರಿನಿಂದ ಬಂದರು. ಮಗನ ತಲೆ ಸವರಿ ಅತ್ತರು. ಆಮೇಲೆ ಸೆರಗು ಬಿಗಿದುಕೊಂಡು ಮುದ್ದೆಗೆ ಎಸರಿಟ್ಟರು. ಅಷ್ಟರಲ್ಲಿ ಇವತ್ತಿನ ಪಾಲಿನ "ಆರಿಯಾ" ಶುರುವಾಯಿತು.

"ಯಾರವ್ವಾ ಅದು ಆರ್ಯಾ?"

"ಗೊತ್ತಿಲ್ಲ ಅತ್ತೆ."

"ಹೆಂಗುಸ್ರ ಹೆಸ್ರು ಇದ್ದಂಗೈತೆ."

ನಾನು ಟವಲು ಮಡಿಸುತ್ತಿದ್ದೆ, ಮಡಿಸಿ ಮುಗಿಸಿದೆ.

ಫೆಬ್ರುವರಿ 26, ಬುಧವಾರ

ಶಿವರಾತ್ರಿ. ಅತ್ತೆ ಉಪವಾಸ. ನಾನು ಗಂಗಾಧರ್ ಅವರ ಫೋನನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಆರ್ಯಾ ಎಂಬ ಹೆಸರಿಲ್ಲ. ಫ್ಯಾಕ್ಟರಿಯವರ ನಂಬರುಗಳು, ಅವರಣ್ಣ ಕದರಯ್ಯನವರದು, ಗ್ಯಾಸಿನವನದು, ನನ್ನದು. ನನ್ನದನ್ನು 'ಮನೆ' ಎಂದು ಸೇವ್ ಮಾಡಿಕೊಂಡಿದ್ದಾರೆ.

ಒಬ್ಬ ಹೆಂಗಸು ಇದ್ದಿದ್ದರೆ ನನಗೆ ಹೇಗನ್ನಿಸುತ್ತಿತ್ತು ಎಂದು ಯೋಚಿಸಿದೆ. ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚು ಬರಲಿಲ್ಲ. ಅವಳನ್ನು ಕರೆಸಿ ಮಂಚದ ಹಿಡಿ ಅವಳ ಕೈಗೆ ಕೊಡಬಹುದಿತ್ತು ಎಂದು ಮಾತ್ರ ಹೊಳೆಯಿತು. ಆಮೇಲೆ ಕಡಲೆಕಾಳು ನೆನೆಹಾಕಿದೆ.

ಮಾರ್ಚ್ 2, ಭಾನುವಾರ

ಫ್ಯಾಕ್ಟರಿಯಿಂದ ಏಕಾಂತಯ್ಯ ಬಂದಿದ್ದರು. ಗಂಗಾಧರ್ ಅವರ ಜೊತೆಗೇ ಕೆಲಸ ಮಾಡುವವರು. ಅಲ್ಲಿ ಕಬ್ಬಿಣದ ದೊಡ್ಡ ದೊಡ್ಡ ತೊಲೆಗಳನ್ನು ಮಾಡುತ್ತಾರೆ. ಏಕಾಂತಯ್ಯ ಕ್ರೇನ್ ನಡೆಸುತ್ತಾರೆ, ಗಂಗಾಧರ್ ಕೆಳಗೆ ನಿಂತು ಸಿಗ್ನಲ್ ಕೊಡುತ್ತಾರೆ. ನನಗೆ ಗೊತ್ತಿದ್ದದ್ದು ಅಷ್ಟೇ.

ನಾನು ಕಾಫಿ ತರುವಷ್ಟರಲ್ಲಿ ಮಂಚದ ಮೇಲಿಂದ "ಆರಿಯಾ" ಬಂತು. ಏಕಾಂತಯ್ಯ ತಟ್ಟನೆ ಎದ್ದು "ಇಳಿಸ್ದೆ ಇಳಿಸ್ದೆ, ಇರಣ್ಣ" ಎಂದು ಹಿಡಿ ಹಿಡಿದು ತಿರುಗಿಸಿದರು. ಗಂಗಾಧರ್ ಕಣ್ಣು ಮುಚ್ಚಿಕೊಂಡು ದೊಡ್ಡದಾಗಿ ಉಸಿರುಬಿಟ್ಟರು.

"ಏನು ಹಾಗಂದ್ರೆ?" ಎಂದು ಕೇಳಿದೆ.

"ಆರಿಯಾ ಅಂದ್ರೆ ಇಳ್ಸು ಅಂತ ಮೇಡಂ. ಹಾಬಿಸ್ ಅಂದ್ರೆ ಎತ್ತು ಅಂತ. ನಮ್ ಯಾರ್ಡಲ್ಲಿ ಎಲ್ರೂ ಅಂಗೇ ಅನ್ನೋದು. ನಿಮ್ಗೆ ಗೊತ್ತಿಲ್ವಾ?"

ಒಳಗಿನಿಂದ ಅತ್ತೆ ಬಂದು ನಿಂತರು. "ಹಂಗಾರೆ ಹೆಂಗುಸಲ್ವಾ?"

"ಅಯ್ಯೋ, ಎಲ್ಲಿ ಹೆಂಗ್ಸು ಅಮ್ಮಾ! ಅದು ಹಡಗಿನೋರ ಮಾತು. ಗಂಗಣ್ಣ ಹುಡುಗ್ನಾಗಿದ್ದಾಗ ಮಂಗಳೂರು ಬಂದರಲ್ಲಿ ಕೆಲ್ಸ ಮಾಡಿದ್ನಲ್ಲ, ಅಲ್ಲಿನ ಮುದುಕ ಖಲಾಸಿಗಳು ಹೇಳೋರಂತೆ. ಹಳೇ ಕಾಲ್ದಲ್ಲಿ ಹಡಗಿಗೆ ಹಾಯಿ ಕಟ್ತಿದ್ರಲ್ಲ, ಹಗ್ಗ ಎಳೆದು ಹಾಯಿ ಏರ್ಸೋವಾಗ ಹಾಬಿಸ್, ಇಳ್ಸೋವಾಗ ಆರಿಯಾ. ಹಾಯಿ ಹೋಯ್ತು, ಕ್ರೇನ್ ಬಂತು, ಮಾತು ಅಂಗೇ ಉಳ್ಕೊಂತು."

ಅದನ್ನು ಹೇಗೆ ಕೂಗುತ್ತಾರೆ ಎನ್ನುವುದನ್ನೂ ತೋರಿಸಿದರು. ಒಂದೇ ಸಲ ಎಳೆದು "ಆರಿಯಾ" ಅಂದರೆ ಇಳಿಸುತ್ತಲೇ ಇರಬೇಕು. ಚಿಕ್ಕದಾಗಿ, ಬಿಡಿಬಿಡಿಯಾಗಿ ಅಂದರೆ ಬೆರಳಿನಷ್ಟು, ಬೆರಳಿನಷ್ಟು. ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು.

"ಮೇಲ್ ಕೂತೋನ್ಗೆ ಕೆಳ್ಗೆ ಏನೂ ಕಾಣಲ್ಲ ಮೇಡಂ. ಗಂಗಣ್ಣನ ಬಾಯೇ ನನ್ ಕಣ್ಣು. ಬೆಳಗ್ಗಿಂದ ಸಂಜೆಗಂಟ ಬಾಯಿ ಮುಚ್ತಿರ್ಲಿಲ್ಲ. ತಮಾಷೆ, ಬೈಗ್ಳು, ಹಾಡು. ಈಗ ಯಾರ್ಡು ಸಾವಿನ ಮನೆ ಆದಂಗೈತೆ."

ಹಾಡು ಎಂದರು. ಯಾವ ಹಾಡು ಎಂದು ಕೇಳಲಿಲ್ಲ.

ಅವರು ಹೋದಮೇಲೆ ಫೋನಿನಲ್ಲಿ ಹುಡುಕಿದೆ. ಇದು ಪೋರ್ಚುಗೀಸ್ ನಾವಿಕರ ಮಾತಂತೆ. ಅವರಿಂದ ನಮ್ಮ ಕಡೆಯ ಖಲಾಸಿಗಳ ಬಾಯಿಗೆ ಬಂದದ್ದಂತೆ. ಹತ್ತನೇ ಕ್ಲಾಸಿಗೆ ನಾನು ಸಮಾಜ ವಿಜ್ಞಾನ ಹೇಳುವವಳು. ಪೋರ್ಚುಗೀಸರು ಬಂದದ್ದು, ಗೋವಾ ಹಿಡಿದದ್ದು, ಪ್ರತಿ ಜೂನಿನಲ್ಲಿ ಮೊದಲ ಪಾಠವೇ ಅದು. ಅವರದೊಂದು ಮಾತು ನಮ್ಮ ಮನೆಯವರೆಗೆ ಬಂದಿದೆ ಎಂದು ಗೊತ್ತಿರಲಿಲ್ಲ.

ಹೆಂಗಸಲ್ಲ ಎಂದು ತಿಳಿದು ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನನಗೆ ನಿರಾಸೆಯಾಯಿತು. ಇದ್ದದ್ದನ್ನು ಬರೆದಿದ್ದೇನೆ.

ಮಾರ್ಚ್ 4, ಮಂಗಳವಾರ

"ಆರಿಯಾ" ಅಂದಾಗ ಮಂಚ ಇಳಿಸಿದೆ. ಮಲಗಿದರು. ಇಷ್ಟು ದಿನ ಕೇಳಿದ್ದು ಇಷ್ಟೇ.

ಮಾರ್ಚ್ 13, ಗುರುವಾರ

ಒಂದೇ ಮಾತಿನಲ್ಲಿ ಎಷ್ಟೆಲ್ಲ ಹೇಳುತ್ತಾರೆ. ಫ್ಯಾನು ಜೋರಾದರೆ ಆರಿಯಾ. ಟಿವಿಯ ಸದ್ದಿಗೆ ಆರಿಯಾ. ಚಮಚ ಬಾಯಿಗೆ ಬರುವ ಮುಂಚೆ ಎತ್ತರದಲ್ಲಿ ನಿಂತರೆ ಆರಿಯಾ, ಆರಿಯಾ, ಬಿಡಿಬಿಡಿಯಾಗಿ. ನಿನ್ನೆ ಅತ್ತೆ ಪಕ್ಕದ ಮನೆಯವರ ಜೊತೆ ಗಂಟಲು ಏರಿಸಿ ಮಾತಾಡುತ್ತಿದ್ದಾಗ ನಡುಮನೆಯಿಂದ ಒಂದು ಉದ್ದನೆಯ "ಆರಿಯಾ" ಬಂತು. ಅತ್ತೆ ಗಕ್ಕನೆ ನಿಲ್ಲಿಸಿದರು. "ನನ್ ಬಾಯ್ಗೂ ಕ್ರೇನ್ ಹಾಕ್ದ ನೋಡವ್ವಾ" ಎಂದು ನಕ್ಕರು. ನಾನು ನಗಲಿಲ್ಲ. ಅಡುಗೆಮನೆಗೆ ಬಂದಮೇಲೆ ಸ್ವಲ್ಪ ನಕ್ಕೆನೇನೋ.

ಫಿಸಿಯೋ ಮಾಡಿಸಲು ಅಂಜನ್‌ಕುಮಾರ್ ಎಂಬುವರು ಬರುತ್ತಾರೆ. ಅವರಿಗೂ ಹೇಳಿಕೊಟ್ಟೆ. ಇವತ್ತು "ಏಳಿ ಸಾರ್" ಎನ್ನುವುದರ ಬದಲು "ಹಾಬಿಸ್!" ಎಂದು ಕೂಗಿದರು. ಗಂಗಾಧರ್ ಮುಖದಲ್ಲಿ ಏನೋ ಆಯಿತು. ಎಡಗಾಲು ಊರಿ, ಸೊಂಟ ಎತ್ತಿ, ಅರ್ಧ ಎದ್ದು ನಿಂತರು. ಆದರೆ ತಾವಾಗಿ ಆ ಮಾತು ಹೇಳುವುದಿಲ್ಲ. ಇಳಿಸುವ ಮಾತೊಂದೇ ಉಳಿದಿದೆ.

ಮಾರ್ಚ್ 21, ಶುಕ್ರವಾರ

ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು. ಗುಬ್ಬಿಯಲ್ಲಿ ಕೊಠಡಿ ಡ್ಯೂಟಿ. ಮುಗಿಸಿಕೊಂಡು ಶಕುಂತಲಮ್ಮನವರ ಮನೆಗೆ ಹೋದೆ.

"ಪಾತ್ರೆ ಪಗಡ ಯಾವಾಗ್ ತರ್ತೀರಾ ಮೇಡಂ? ಮನೆ ಖಾಲಿ ಬಿದ್ದಿದ್ರೆ ಇಲಿ ಸೇರ್ಕೊಂತವೆ."

"ಮನೇಲಿ ಹುಷಾರಿಲ್ಲ, ತಡ ಆಗುತ್ತೆ" ಎಂದೆ.

ಬೀಗ ತೆಗೆದು ಒಳಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲ ಕಡೆ ಒಂದು ಬಾಗಿಲು. ಕಿಟಕಿಯಿಂದ ನುಗ್ಗೆಮರ ಕಾಣುತ್ತದೆ. ನೆಲದ ಮೇಲೆ ಸೆರಗು ಹಾಸಿಕೊಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಯಾರೂ ಕರೆದಿರಲಿಲ್ಲ. ಬಸ್ಸು ಹತ್ತಿ ತುಮಕೂರಿಗೆ ಬಂದೆ.

ಮಾರ್ಚ್ 22, ಶನಿವಾರ

ಏನೂ ಇಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ಅತ್ತೆ ಒಬ್ಬಟ್ಟು ಮಾಡಿದರು. ಅಭ್ಯಂಜನಕ್ಕೆ ನಾನೇ ಎಣ್ಣೆ ಹಚ್ಚಿದೆ. ಬಲಗೈಗೆ ಹಚ್ಚುವಾಗ ಅದು ನೀರಿನಲ್ಲಿ ನೆನೆದ ಕಟ್ಟಿಗೆಯಂತೆ ಭಾರವಾಗಿತ್ತು. ಮೊಣಕೈಯ ಹಿಂದೆ ಉದ್ದನೆಯ ಹಳೆಯ ಗಾಯದ ಗುರುತು. ಯಾವಾಗ ಆದದ್ದೋ ಗೊತ್ತಿಲ್ಲ. "ಇದೇನ್ರೀ?" ಎಂದೆ. ಉತ್ತರ ಬರುವುದಿಲ್ಲ ಎನ್ನುವುದು ಮರೆತಿತ್ತು.

ಏಪ್ರಿಲ್ 8, ಮಂಗಳವಾರ

ನಾನು ಔಷಧಿ ಅಂಗಡಿಗೆ ಹೋಗಿದ್ದಾಗ ಶಕುಂತಲಮ್ಮ ಫೋನ್ ಮಾಡಿದ್ದಾರೆ. ಫೋನು ಮನೆಯಲ್ಲೇ ಬಿಟ್ಟಿದ್ದೆ. ಅತ್ತೆ ಎತ್ತಿದ್ದಾರೆ. ಒಂಟಿ ಹೆಂಗಸಿಗೆಂದು ಕೊಟ್ಟ ಮನೆ, ಬರುವುದೋ ಇಲ್ಲವೋ ಹೇಳಬೇಕು ಎಂದರಂತೆ.

ನಾನು ಚಪ್ಪಲಿ ಬಿಡುವ ಮುಂಚೆಯೇ ಕೇಳಿದರು. "ಗುಬ್ಬೀಲಿ ಮನೆ ಮಾಡಿದ್ಯಾ?"

"ಹೂಂ ಅತ್ತೆ."

"ಯಾವಾಗ?"

"ಇವ್ರು ಬೀಳೋಕ್ ಮುಂಚೆ."

"ಬಿಟ್ ಹೋಗೋಕಾ?"

"ಹೂಂ."

"ಅವನು ಏನ್ ಕಮ್ಮಿ ಮಾಡಿದ್ದ ನಿಂಗೆ? ಹೇಳು, ಏನ್ ಕಮ್ಮಿ ಮಾಡಿದ್ದ?" ಅತ್ತೆಯ ದನಿ ಏರಿತು. "ಲೋಕ ಏನಂದೀತು ಕಣೇ! ಬಿದ್ದೋನ್ನ ಬಿಟ್ಟೋದ್ಳು ಅಂತಾರೆ."

"ಬಿದ್ದಿರ್ಲಿಲ್ಲ ಅತ್ತೆ ಆಗ. ನೆಟ್ಟಗಿದ್ರು. ಹೇಳೇ ಹೊರಟಿದ್ದೆ. ಸರಿ ಅಂದ್ರು."

ಅತ್ತೆ ಮಂಚದ ಕಡೆ ತಿರುಗಿದರು. ನಾನೂ ತಿರುಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆರಿಯಾ ಎನ್ನಬಹುದಿತ್ತು. ಅನ್ನಲಿಲ್ಲ.

ಏಪ್ರಿಲ್ 10, ಗುರುವಾರ

ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಇವತ್ತು ಸೊಪ್ಪು ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಇವ್ನಪ್ಪನೂ ಹಿಂಗೇ. ಹೊಲದಾಗೆ ಹತ್ ಜನರ ಜೊತೆ ನಗೋರು. ಮನೆಗ್ ಬಂದ್ರೆ ಬಾಯಿಗೆ ಬೀಗ. ನಾನೂ ಒಂದ್ಸಲ ಸೀರೆ ಗಂಟು ಕಟ್ಟಿದ್ದೆ ಕಣವ್ವ. ಕುಣಿಗಲ್ ಬಸ್‌ಸ್ಟ್ಯಾಂಡ್‌ಗಂಟ ಹೋದೆ. ಅಲ್ಲಿಂದ ಮುಂದೆ ಎಲ್ಲಿಗ್ ಹೋಗೋದು ಅಂತ ತಿಳೀಲಿಲ್ಲ. ವಾಪಸ್ ಬಂದೆ."

"ಮಾವ ಏನಂದ್ರು?"

"ನಾನು ಹೋಗಿದ್ದೇ ಅವ್ರಿಗ್ ಗೊತ್ತಾಗ್ಲಿಲ್ಲ. ಸಂಜೆ ಒಳ್ಗೇ ಬಂದ್‌ಬುಟ್ಟಿದ್ನಲ್ಲ."

ಸೊಪ್ಪಿನ ದಂಟುಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ "ಉಪ್ಪಿನ ಡಬ್ಬಿ ಇತ್ತಾಗ್ ಕೊಡು" ಅಂದರು. ಕೊಟ್ಟೆ.

ಏಪ್ರಿಲ್ 13, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಗಿನ ತಿಂಡಿಯಾದ ಮೇಲೆ ಇವರು "ಆರಿಯಾ" ಅಂದರು. ಮಂಚ ಇಳಿಸಿದೆ. ಅಲ್ಲ ಎಂದು ಕೈ ಆಡಿಸಿದರು. ಫ್ಯಾನು ಕಡಿಮೆ ಮಾಡಿದೆ, ಅಲ್ಲ. ಕಿಟಕಿಯ ಪರದೆ ಬಿಟ್ಟೆ, ಅಲ್ಲ. ಲುಂಗಿ ಸರಿಮಾಡಿದೆ, ದಿಂಬು ತೆಗೆದೆ, ಅಲ್ಲ, ಅಲ್ಲ. ಸಿಟ್ಟಿನಲ್ಲಿ ಎಡಗೈಯಿಂದ ಮಂಚದ ಕಂಬಿಗೆ ಹೊಡೆದರು. ನನಗೂ ರೇಗಿತು. "ಏನ್ ಇಳಿಸ್ಲಿ ರೀ? ತೋರ್ಸಿ!" ಎಂದು ಕೂಗಿದೆ. ಅವರ ಮೇಲೆ ನಾನು ಕೂಗಿದ್ದು ಇದೇ ಮೊದಲಿರಬೇಕು.

ಬೆರಳು ಎತ್ತಿ ತೋರಿಸಿದರು. ಸಜ್ಜೆಯ ಮೇಲೆ ನನ್ನ ನೀಲಿ ಸೂಟ್‌ಕೇಸು. ಅವರು ಬಿದ್ದ ದಿನ ಅದು ಅರ್ಧ ತುಂಬಿ ನೆಲದ ಮೇಲಿತ್ತು. ಆಂಬುಲೆನ್ಸಿನವರಿಗೆ ದಾರಿಯಾಗಲೆಂದು ಅಕ್ಕಪಕ್ಕದವರು ಯಾರೋ ಎತ್ತಿ ಮೇಲಿಟ್ಟಿದ್ದರು. ನಾನು ತೆಗೆದಿರಲಿಲ್ಲ.

ಸ್ಟೂಲು ಹತ್ತಿದೆ. ಸೂಟ್‌ಕೇಸು ಭಾರವಿತ್ತು. ಅಂಚಿಗೆ ಎಳೆದುಕೊಂಡು ತಬ್ಬಿ ಹಿಡಿದಾಗ ಕಾಲಿಡುವ ಜಾಗ ಕಾಣದೆ ನಿಂತುಬಿಟ್ಟೆ. ಆಗ ಹಿಂದಿನಿಂದ ದನಿ ಬಂತು. "ಆರಿಯಾ." ಮೆಲ್ಲಗೆ, ಚಿಕ್ಕದಾಗಿ. ಸೂಟ್‌ಕೇಸನ್ನು ಬೆರಳಿನಷ್ಟು ಇಳಿಸಿದೆ. "ಆರಿಯಾ." ಒಂದು ಕಾಲು ಕೆಳಗಿಟ್ಟೆ. "ಆರಿಯಾ... ಆರಿಯಾ..." ಎಡ ಅಂಗೈಯನ್ನು ಕೆಳಗೆ ಮಾಡಿ ಗಾಳಿಯನ್ನು ಒತ್ತುತ್ತಾ ಹೇಳುತ್ತಿದ್ದರು. ನಾನು ನೆಲ ನೋಡಲಿಲ್ಲ, ಆ ಕೈಯನ್ನೇ ನೋಡಿಕೊಂಡು ಇಳಿದೆ. ಸೂಟ್‌ಕೇಸಿನ ತಳ ನೆಲಕ್ಕೆ ತಾಗಿತು. ಮುಷ್ಟಿ ಕಟ್ಟಿದರು.

ಆಮೇಲೆ ಸೂಟ್‌ಕೇಸು ನೋಡಿದರು, ನನ್ನನ್ನು ನೋಡಿದರು, ಬೀದಿ ಬಾಗಿಲ ಕಡೆಗೆ ಗದ್ದ ಆಡಿಸಿದರು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಅಂದರೆ ಎಲ್ಲ ನೆನಪಿದೆ.

ನಾನು ಸೂಟ್‌ಕೇಸಿನ ಮೇಲೆಯೇ ಕುಳಿತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಮಧ್ಯಾಹ್ನದ ಅಡುಗೆ ಅವರೇ ಮಾಡಿದರು.

ಮೇ 4, ಭಾನುವಾರ

ಬೇಸಿಗೆ ರಜೆ. ಬರೆಯಲು ಏನೂ ಇಲ್ಲವೆಂದು ಬಿಟ್ಟಿದ್ದೆ. ಇವರು ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗಿಬರುತ್ತಾರೆ. ಬಲಗಾಲು ಎಳೆಯುತ್ತದೆ, ಆದರೂ ನಿಲ್ಲುತ್ತದೆ. ಸೂಟ್‌ಕೇಸು ನಾನಿಟ್ಟ ಜಾಗದಲ್ಲೇ ಇದೆ. ದಿನಾ ಅದನ್ನು ಸುತ್ತಿಕೊಂಡು ಓಡಾಡುತ್ತೇವೆ.

ಇವತ್ತು ಅತ್ತೆಯ ಎದುರಿಗೇ ಕೇಳಿದೆ. "ಸ್ಕೂಲ್ ಶುರುವಾಗುತ್ತೆ. ನಾನು ಗುಬ್ಬಿಗೆ ಹೋಗ್ಲಾ?"

ತಲೆ ಆಡಿಸಿದರು. ಹೌದು ಎಂದೇ.

"ಸಿಟ್ಟಿಗಾ?"

ಇಲ್ಲ ಎಂದು ಆಡಿಸಿದರು. ಸಿಟ್ಟಿರಲಿಲ್ಲ ಕೂಡ, ನನಗೆ ಕಾಣುತ್ತಿತ್ತು. ಇಷ್ಟು ವರ್ಷ ಆ ಮುಖವನ್ನು ನಾನು ಎಷ್ಟು ಹೊತ್ತು ನೋಡಿದ್ದೆ?

ಅತ್ತೆ ಹತ್ತಿರ ಬಂದರು. "ನೀನು ಇಲ್ಲೊಬ್ನೇ ಇರಕ್ಕಾಯ್ತದಾ ಮಗ? ಅಮೃತೂರಿಗೆ ಬಂದ್‌ಬುಡು. ನಿಮ್ಮಣ್ಣ ಅವ್ನೆ, ಅತ್ತಿಗೆ ಅವ್ಳೆ, ನಾನಿದೀನಿ. ಮಾತಾಡಕ್ಕೆ ಜನ ಅವ್ರೆ."

ಇವರು ತುಟಿ ಕೂಡಿಸಿದರು, ಬಿಟ್ಟರು, ಮತ್ತೆ ಕೂಡಿಸಿದರು.

"ಹಾ... ಬಿಸ್."

ಅತ್ತೆ "ಎತ್ತು ಅಂದ, ಎತ್ತು ಅಂದ!" ಎಂದು ಚಪ್ಪಾಳೆ ತಟ್ಟಿ ಅತ್ತುಬಿಟ್ಟರು. ನಾನು ಏಕಾಂತಯ್ಯನವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅಮೃತೂರಿಗೆ ಹೋಗುವ ದಿನ ಗಾಡಿ ತಾವೇ ತರುತ್ತೇನೆ ಎಂದರು.

ಮೇ 25, ಭಾನುವಾರ

ಏಕಾಂತಯ್ಯನವರೇ ಗಾಡಿ ತಂದರು. ದಾರಿಯುದ್ದಕ್ಕೂ ಇವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಕುಣಿಗಲ್ ದಾಟಿದಮೇಲೆ ಅತ್ತೆ ನಿದ್ದೆಹೋದರು.

ಅಮೃತೂರಿನಲ್ಲಿ ಕದರಯ್ಯ ಭಾವನವರು ಜಗುಲಿಗೆ ಹತ್ತಲು ಕಲ್ಲುಚಪ್ಪಡಿ ಇಳಿಜಾರಾಗಿ ಹಾಕಿಸಿದ್ದರು. ಗಾಡಿಯಿಂದ ಇಳಿಸುವಾಗ ನಾಲ್ಕು ಜನ ನಾಲ್ಕು ಮಾತು. ಆ ಕಡೆ ಹಿಡಿ, ಈ ಕಡೆ ಎಳಿ. ಇವರು ಗಟ್ಟಿಯಾಗಿ "ಆರಿಯಾ!" ಎಂದರು. ಎಲ್ಲರೂ ಬಾಯಿ ಮುಚ್ಚಿದರು. ಆಮೇಲೆ ತಾವೇ ಹೇಳುತ್ತಾ ಇಳಿದರು. ಅಂಥ ದನಿ ಇವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಯಾರ್ಡಿನಲ್ಲಿ ಹೀಗೆಯೇ ನಿಲ್ಲುತ್ತಿದ್ದಿರಬೇಕು.

ಹೊರಡುವಾಗ ಏನಾದರೂ ಹೇಳಬೇಕಿತ್ತು. ಮಾತ್ರೆಗಳನ್ನು ಓರಗಿತ್ತಿ ಅಕ್ಕನಿಗೆ ತೋರಿಸಿದೆ. ಬಲಗೈಗೆ ದಿನಾ ಎಣ್ಣೆ ನೀವಬೇಕು ಎಂದೆ. ಶನಿವಾರ ಬರುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ.

ಮೇ 29, ಗುರುವಾರ

ಸ್ಕೂಲು ಶುರುವಾಯಿತು. ಗುಬ್ಬಿಯ ಮನೆಯಲ್ಲಿ ಪಾತ್ರೆ ಜೋಡಿಸಿಟ್ಟೆ. ತುಂಬ ನಿಶ್ಶಬ್ದ. ನಾನು ಬೇಕೆಂದದ್ದು ಇದನ್ನೇ. ಶಕುಂತಲಮ್ಮ ಬಂದು "ಕಣ್ಯಾಕೆ ಊದ್ಕೊಂಡಿದೆ ಮೇಡಂ?" ಎಂದು ಕೇಳಿದರು. ನಿದ್ದೆ ಜಾಸ್ತಿಯಾಯಿತು ಎಂದೆ.

ಜೂನ್ 5, ಗುರುವಾರ

ಸಂಜೆ ಅತ್ತೆ ಫೋನ್ ಮಾಡಿದರು. "ತಗಾ, ಇವ್ನು ಏನೋ ಹೇಳ್ಬೇಕಂತೆ. ಬೆಳಗ್ಗಿಂದ ಫೋನ್ ಕಡೆ ಕೈ ಮಾಡ್ತಾವ್ನೆ."

ಫೋನು ಇವರ ಕಿವಿಗೆ ಹೋಯಿತು. ಉಸಿರು ಕೇಳಿಸುತ್ತಿತ್ತು. ಹಿಂದೆ ಕರು ಕೂಗುತ್ತಿತ್ತು, ಅಕ್ಕ ಯಾರನ್ನೋ ಗದರುತ್ತಿದ್ದರು. ಆರಿಯಾ ಅನ್ನುತ್ತಾರೆ, ಏನು ಇಳಿಸಬೇಕೆಂದು ಇಲ್ಲಿಂದ ನನಗೆ ಹೇಗೆ ತಿಳಿಯುತ್ತದೆ ಎಂದುಕೊಂಡು ಕಾದೆ.

"ಊ..." ಅಂದರು. ನಿಲ್ಲಿಸಿದರು. "ಊ... ಟ?"

ಮದುವೆಯಾದಾಗಿನಿಂದ ಈ ಪ್ರಶ್ನೆ ಕೇಳುತ್ತಿದ್ದವಳು ನಾನೊಬ್ಬಳೇ.

"ಆಯ್ತು ರೀ" ಎಂದೆ. "ನಿಮ್ದು?"

"ಹೂಂ."

ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡಿದ್ದೆವು. ಅತ್ತೆ ಬಂದು ಇಸಿದುಕೊಂಡು ಇಡುವವರೆಗೂ.

ನನ್ನದು ಊಟ ಆಗಿರಲಿಲ್ಲ. ಮಾಡಿಕೊಳ್ಳುವ ಯೋಚನೆಯೂ ಇರಲಿಲ್ಲ. ಎದ್ದು ದೀಪ ಹಾಕಿದೆ. ಒಂದು ಪಾವು ಅಕ್ಕಿ ತೊಳೆದು ಒಲೆಯ ಮೇಲಿಟ್ಟಿದ್ದೇನೆ. ಉಕ್ಕುತ್ತಿದೆ, ನೋಡಬೇಕು.